ಸೇತುವೆ ಆಗುವ ಮುಂಚೆ ಒಮ್ಮೆ

ನಿವೃತ್ತರಾದ ಅಪ್ಪ ಅಮ್ಮನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕು ಎಂಬ ಹಟ ಈಚೆಗೆ ಮಕ್ಕಳಲ್ಲಿ ಶುರುವಾಗಿದೆ. ನನ್ನ ಮಗನಿಗೂ ಅದು ತಗುಲಿತು. 2024ರ ನವೆಂಬರಿನಲ್ಲಿ ಬೆಂಗಳೂರಿನಿಂದ ಫೋನ್ ಮಾಡಿ, "ಅಪ್ಪ, ಡಿಸೆಂಬರ್ ರಜಕ್ಕೆ ಎಲ್ಲರೂ ಕ್ರೂಸ್ ಹೋಗೋಣ. ಮುಂಬೈನಲ್ಲಿ ಹಡಗು ಹತ್ತಿದರೆ ಮೂರು ರಾತ್ರಿ. ಊಟ, ಈಜುಕೊಳ, ನಾಟಕ, ಎಲ್ಲ ಹಡಗಿನೊಳಗೇ ಇರುತ್ತೆ" ಎಂದ. ನಾನು ಮಂಡಿನೋವು, ಬಿ.ಪಿ. ಮಾತ್ರೆ ಅಂತೆಲ್ಲ ನೆಪ ಹುಡುಕುತ್ತಿರುವಾಗ ನನ್ನಾಕೆ ಕೈಯಿಂದ ಫೋನ್ ತೆಗೆದುಕೊಂಡು, "ಹಡಗೇ ಹತ್ತಿಸಬೇಕು ಅಂತಿದ್ದರೆ ಹೊಳೆಬಾಗಿಲ ಲಾಂಚ್ ಹತ್ತಿಸು. ಅಲ್ಲಿ ಸೇತುವೆ ಆಗ್ತಾ ಇದೆ. ಆಮೇಲೆ ಅದೂ ಸಿಗಲ್ಲ" ಎಂದಳು.

ನನಗೆ ಆಶ್ಚರ್ಯವಾಯಿತು. ಮದುವೆಯಾಗಿ ನಲವತ್ತೇಳು ವರ್ಷ. ಈ ಜಿಲ್ಲೆಯಲ್ಲೇ ಇದ್ದುಕೊಂಡು ನಾವು ಒಮ್ಮೆಯೂ ಸಿಗಂದೂರಿಗೆ ಹೋಗಿರಲಿಲ್ಲ. ಕಾರ್ಖಾನೆಯ ಗೆಳೆಯರು ಕುಟುಂಬ ಸಮೇತ ವ್ಯಾನು ಮಾಡಿಕೊಂಡು ಹೊರಟಾಗಲೆಲ್ಲ ಇವಳಿಗೆ ಒಂದಲ್ಲ ಒಂದು ಅಡ್ಡಿ ಬರುತ್ತಿತ್ತು. ಇವಳಿಗೆ ನೀರು ಕಂಡರೆ ಭಯ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಕೇಳಿರಲಿಲ್ಲ.

ಇವಳ ತವರು ಶರಾವತಿಯ ಆಚೆ ದಡದ ಕರೂರು ಸೀಮೆಯ ಒಂದು ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಆಗ ಇವಳಿಗೆ ಒಂಬತ್ತು ವರ್ಷ, ಅಣ್ಣನಿಗೆ ಹದಿನೇಳು. ಊರಿನ ಹೆಸರು ಇಲ್ಲಿ ಬರೆಯಬೇಡಿ ಎಂದು ಇವಳ ಅಪ್ಪಣೆಯಾಗಿದೆ. "ಬರೆದರೆ ಏನು, ತೇಲುತ್ತಾ?" ಎಂದಳು. ಇಷ್ಟು ಸಂಗತಿ ನನಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಮುಳುಗಡೆಯವರ ಮನೆಯ ಹುಡುಗಿ ಎಂದೇ ಸಂಬಂಧ ಹೇಳಿದ್ದರು. ಶಿವಮೊಗ್ಗ, ಭದ್ರಾವತಿ, ಸಾಗರ, ಹೊಸನಗರದ ಕಡೆ ಆ ಪದ ಜಾತಿಯ ಹೆಸರಿನ ಹಾಗೆ ಬಳಕೆಯಲ್ಲಿತ್ತು. ಯಾರೂ ಅದರ ಅರ್ಥ ಕೇಳುತ್ತಿರಲಿಲ್ಲ.

ಡಿಸೆಂಬರ್ ಕೊನೆಯ ವಾರ, ಬೆಳಿಗ್ಗೆ ಆರೂವರೆಗೆ ಭದ್ರಾವತಿ ಬಿಟ್ಟೆವು. ಮಗ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ನಾನು. ಹಿಂದೆ ಇವಳು, ಸೊಸೆ, ಎಂಟು ವರ್ಷದ ಮೊಮ್ಮಗಳು. ಚಿತ್ರಾನ್ನದ ಡಬ್ಬಿ ಕಾಲ ಬಳಿ. ಹೊರಡುವಾಗ ಕಾರ್ಖಾನೆಯ ಗೋಡೆಯ ಪಕ್ಕ ಹಾದು ಹೋಗಬೇಕಾಯಿತು. 1918ರಲ್ಲಿ ಕಟ್ಟಲು ಶುರುಮಾಡಿ 1923ರಲ್ಲಿ ಕಬ್ಬಿಣ ಇಳಿಸಿದ ಕಾರ್ಖಾನೆ ಅದು. ಊರಿನ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರುವ ಮುಂಚೆಯೇ ಆ ಹೆಸರಿತ್ತು ಎಂಬುದು ನನಗೆ ಯಾವತ್ತೂ ತಮಾಷೆಯಾಗಿ ಕಾಣುತ್ತದೆ. 1972ರಿಂದ 2008ರವರೆಗೆ ನಾನು ಅಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೆ. ಈಗ ಗೋಡೆಯಾಚೆ ಹೆಚ್ಚು ಸದ್ದಿಲ್ಲ. ಆ ಕಡೆ ಪೇಪರ್ ಮಿಲ್ಲು 2015ರಲ್ಲೇ ನಿಂತಿತು. ಶಿವಮೊಗ್ಗದ ದಾರಿಯಲ್ಲಿ ಮಲವಗೊಪ್ಪದ ಸಕ್ಕರೆ ಕಾರ್ಖಾನೆ ಅದಕ್ಕೂ ಎಷ್ಟೋ ಮುಂಚೆ. ಮಗ ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದವನು, ಮಾತಾಡಲಿಲ್ಲ. ಮೊಮ್ಮಗಳು ಮಾತ್ರ "ಕ್ರೂಸ್ ಎಷ್ಟೊತ್ತಿಗೆ ಬರುತ್ತೆ?" ಎಂದು ಕೇಳುತ್ತಲೇ ಇದ್ದಳು. ಅವಳಿಗೆ ಯಾರೂ ನಿಜ ಹೇಳಿರಲಿಲ್ಲ.

ತುಂಗಾ ಸೇತುವೆ ದಾಟಿ ಶಿವಮೊಗ್ಗದೊಳಗೆ ಹೋದೆವು. ವಿನೋಬನಗರದಲ್ಲಿ ಭಾವನನ್ನು ಹತ್ತಿಸಿಕೊಳ್ಳಬೇಕಿತ್ತು. ಈ ಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡಂತಸ್ತಿನ ಆರ್‌ಸಿಸಿ ಮನೆ, ನೆಲಕ್ಕೆ ಗ್ರಾನೈಟು, ಕಿಟಕಿಗೆ ಅಲ್ಯೂಮಿನಿಯಂ. ಮುಂಬಾಗಿಲಿಗೆ ಮಾತ್ರ ಹಳೇ ಕಾಲದ, ದಪ್ಪ ಮರದ, ಕುಳ್ಳ ಬಾಗಿಲುವಾಡ. ಐದೂವರೆ ಅಡಿ ಇರಬಹುದು. 1977ರಲ್ಲಿ ಹೆಣ್ಣು ನೋಡಲು ಹೋದಾಗ ಅದು ಹೆಂಚಿನ ಮನೆಯಾಗಿತ್ತು. ನಾನು ಗತ್ತಿನಿಂದ ಒಳಗೆ ಹೋಗಲು ಹೋಗಿ ಹಣೆ ಹೊಡೆಸಿಕೊಂಡೆ. ಎಲ್ಲರ ಮುಂದೆ ಹಣೆಗೆ ಅರಿಸಿನ ಹಚ್ಚಿಸಿಕೊಂಡು ಕೂತು ಹುಡುಗಿ ನೋಡಿದವನು ನಾನು. ಆಮೇಲೆ ಎಷ್ಟು ಸಲ ಹೊಡೆಸಿಕೊಂಡಿದ್ದೇನೋ ಲೆಕ್ಕವಿಲ್ಲ. 1995ರಲ್ಲಿ ಭಾವ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದಾಗ, "ಇದನ್ನ ಹಳೇ ಮರದವರಿಗೆ ಕೊಟ್ಟುಬಿಡಿ, ಒಳ್ಳೆ ರೇಟು ಬರುತ್ತೆ" ಎಂದು ಸಲಹೆ ಕೊಟ್ಟಿದ್ದೆ. ಭಾವ ನಕ್ಕು ಸುಮ್ಮನಾದರು. ಇವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕಾರಣ ಬೇರೇನೋ ಇರಬೇಕು ಅಂದುಕೊಂಡಿದ್ದೆ.

ಭಾವನಿಗೆ ಈಗ ಎಪ್ಪತ್ತೇಳು. ಕೋಲು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು. ಕಾರು ಹತ್ತಿದವರೇ ಮೊಮ್ಮಗಳಿಗೆ ಕಲ್ಲುಸಕ್ಕರೆ ಕೊಟ್ಟರು.

ಸಾಗರದ ರಸ್ತೆ. ಆಯನೂರು, ಕುಂಸಿ, ಚೋರಡಿ, ಆನಂದಪುರ. ರೈಲು ಹಳಿ ಒಮ್ಮೆ ಹತ್ತಿರ ಬಂದು ಒಮ್ಮೆ ಮರೆಯಾಗುತ್ತದೆ. ಕುಂಸಿ ದಾಟಿದ ಮೇಲೆ ಭಾವ ಮಾತು ತೆಗೆದರು. ಅವರದು ಲೆಕ್ಕಪತ್ರದ ಮಾತು, ಕಣ್ಣೀರಿನದಲ್ಲ. ಇದೇ ರಸ್ತೆಯಲ್ಲಿ ಲಾರಿ ಬಂದದ್ದು. ಎರಡು ಸಂಸಾರಕ್ಕೆ ಒಂದು ಲಾರಿ. ದನ, ಭತ್ತದ ಮೂಟೆ, ಒನಕೆ, ಮುದುಕರು ಎಲ್ಲ ಅದರಲ್ಲೇ. ಶಿವಮೊಗ್ಗ ತಾಲ್ಲೂಕಿನ ಒಂದು ಕಾಡಿನ ಅಂಚಿನಲ್ಲಿ ಇಳಿಸಿ, ಇದು ನಿಮ್ಮ ಜಾಗ ಎಂದರು. ಮರ ಕಡಿದು ಗದ್ದೆ ಮಾಡುವಷ್ಟರಲ್ಲಿ ಮಲೇರಿಯಾಕ್ಕೆ ಅಜ್ಜಿ ಹೋದರು. ಹಕ್ಕುಪತ್ರ? ಭಾವ ಕೈ ಆಡಿಸಿದರು. ಅಲ್ಲಿ ಉಳಿದವರ ಮಕ್ಕಳು ಇವತ್ತಿಗೂ ಅದಕ್ಕಾಗಿ ಅಲೆಯುತ್ತಿದ್ದಾರೆ. ಕಾಗದದಲ್ಲಿ ಅದಿನ್ನೂ ಕಾಡು. ಭಾವ ಓದಿದ್ದರಿಂದ ಕೆಲಸ ಸಿಕ್ಕಿ ಪೇಟೆ ಸೇರಿದರು.

"ಅಪ್ಪ ಮನೆ ಬಿಚ್ಚುವಾಗ ಹೆಂಚೆಲ್ಲ ಮಾರಿದರು" ಎಂದರು. "ಕಂಬ ಎರಡು ತಂದೆವು, ಅವು ಕಾಡಿನ ಗುಡಿಸಲಲ್ಲಿ ಗೆದ್ದಲು ತಿಂದು ಹೋದವು. ಉಳಿದದ್ದು ಬಾಗಿಲುವಾಡ ಒಂದೇ."

ಕಾರಿನಲ್ಲಿ ನನಗೆ ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮುಂದಿನ ಕನ್ನಡಿಯಲ್ಲಿ ಇವಳ ಮುಖದ ಅರ್ಧ ಕಾಣುತ್ತಿತ್ತು. ಮೊಮ್ಮಗಳಿಗೆ ಜಡೆ ಹೆಣೆಯುತ್ತಿದ್ದಳು.

ಸಾಗರದಲ್ಲಿ ಕಾಫಿ ಕುಡಿದು, ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬಂದಾಗ ಹನ್ನೊಂದು ಗಂಟೆ. ಕಾರುಗಳ ಸಾಲು ದಿಬ್ಬದ ಮೇಲಿನವರೆಗೂ ನಿಂತಿತ್ತು. ಎಡಗಡೆ, ಬಲಗಡೆ, ಎದುರಿಗೆ ನೀರೇ ನೀರು. ನಡುವೆ ಗುಡ್ಡಗಳ ನೆತ್ತಿಗಳು ದ್ವೀಪಗಳಾಗಿ ಕೂತಿದ್ದವು. ಪಕ್ಕದಲ್ಲೇ ಸೇತುವೆಯ ಕಂಬಗಳು, ಕಂಬದಿಂದ ಇಳಿಬಿಟ್ಟ ಹಗ್ಗಗಳು. ಎರಡು ಕಿಲೋಮೀಟರಿಗೂ ಉದ್ದ. ಮಗ ಎಂಜಿನಿಯರು, ಇಳಿದು ಹೋಗಿ ಅದರ ಫೋಟೋ ತೆಗೆಯತೊಡಗಿದ. ಮೊಮ್ಮಗಳು ಲಾಂಚನ್ನು ನೋಡಿ, "ಇದು ಕ್ರೂಸ್ ಅಲ್ಲ, ಇದಕ್ಕೆ ರೂಫೇ ಇಲ್ಲ" ಎಂದು ಅಳುವುದಕ್ಕೆ ಶುರುಮಾಡಿದಳು. ನ್ಯಾಯವಾದ ದೂರು. ಕಬ್ಬಿಣದ ದೊಡ್ಡ ತಟ್ಟೆಯಂಥ ವಾಹನ ಅದು. ಬಸ್ಸು, ಕಾರು, ಬೈಕು, ಹಾಲಿನ ಕ್ಯಾನು, ಸಿಗಂದೂರಿಗೆ ಹೋಗುವ ಭಕ್ತರು, ತುಮರಿಗೆ ಹೋಗುವ ಶಾಲೆ ಮೇಷ್ಟ್ರು, ಎಲ್ಲರೂ ಒಂದೇ ತಟ್ಟೆಯಲ್ಲಿ.

ಎರಡು ಗಂಟೆ ಕಾದೆವು. ಅಷ್ಟರಲ್ಲಿ ಚಿತ್ರಾನ್ನ ಮುಗಿಯಿತು. ಬುಟ್ಟಿ ಇಟ್ಟುಕೊಂಡು ಕೂತಿದ್ದ ತುಮರಿ ಕಡೆಯ ಹೆಂಗಸೊಬ್ಬರು ಇವಳ ಜೊತೆ ಮಾತಿಗೆ ಕೂತರು. ಸಂಜೆ ಕಡೇ ಲಾಂಚ್ ತಪ್ಪಿದರೆ ಆ ದಡದವರು ರಾತ್ರಿ ಇಲ್ಲೇ ಕಳೆಯಬೇಕು, ಹೆರಿಗೆ ನೋವಾದರೂ ಅಷ್ಟೇ, ಸೇತುವೆ ಒಂದು ಆಗಿಬಿಟ್ಟರೆ ಸಾಕು ಅಂದರು. ಇವಳು ತಲೆ ಅಲ್ಲಾಡಿಸುತ್ತಿದ್ದಳು. ಲಾಂಚ್ ಹೋಗಿಬಿಡುತ್ತದೆ ಎಂದು ಬಂದವರು ನಾವು; ಹೋಗಲಿ ಎಂದು ಅರವತ್ತು ವರ್ಷ ಕಾದವರು ಅವರು.

ಲಾಂಚ್ ಹೊರಟಿತು. ಡೀಸೆಲ್ ವಾಸನೆ, ಕಾಲಡಿ ಗಡಗಡ. ನನಗೆ ಅಭ್ಯಾಸಬಲ, ಚಪ್ಪಲಿಯ ತುದಿಯಿಂದ ತಗಡನ್ನು ತಟ್ಟಿ ದಪ್ಪ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಿದ್ದೆ. ಭಾವ ಕಟಕಟೆ ಹಿಡಿದು ನಿಂತು, ಕೋಲೆತ್ತಿ ಬಲಗಡೆಯ ಒಂದು ನಡುಗಡ್ಡೆ ತೋರಿಸಿ, "ಅದರ ಬುಡದಲ್ಲಿ ನಮ್ಮ ತೋಟ" ಎಂದರು. ಇವಳು, "ಅಲ್ಲ, ಆ ಕಡೆ" ಎಂದು ಪೂರಾ ಎಡಕ್ಕೆ ಕೈ ತೋರಿಸಿದಳು. ಬೆಳಿಗ್ಗೆ ಸೂರ್ಯ ಅಡುಗೆಮನೆ ಕಿಟಕಿಯಲ್ಲಿ ಬರುತ್ತಿದ್ದ ಎಂದಳು. ಇಲ್ಲ, ಅದು ದನದ ಕೊಟ್ಟಿಗೆಯಲ್ಲಿ ಎಂದರು ಭಾವ. ಎಪ್ಪತ್ತೇಳರ ಅಣ್ಣ, ಅರವತ್ತೊಂಬತ್ತರ ತಂಗಿ, ನೀರಿನ ಮಧ್ಯೆ ನಿಂತು ಜೋರುಜೋರಾಗಿ ಜಗಳ. ಬಸ್ಸಿನ ಕಂಡಕ್ಟರು ತಿರುಗಿ ನೋಡಿದ. ಮೊಮ್ಮಗಳು ಅಪ್ಪನ ಮೊಬೈಲಿನಲ್ಲಿ ಮ್ಯಾಪು ತೆಗೆದು ತಂದಳು. ಅದರಲ್ಲಿ ನಮ್ಮ ನೀಲಿ ಚುಕ್ಕಿ, ಸುತ್ತ ಬರೀ ನೀಲಿ.

ಏನಾದರೂ ಹೇಳಬೇಕಲ್ಲ ಎಂದು ನಾನು, "ಡ್ಯಾಮಿನ ಪೂರ್ಣ ಮಟ್ಟ 1819 ಅಡಿ" ಎಂದೆ.

ಈ ಅಂಕಿ ನನಗೆ ಮಂತ್ರದ ಹಾಗೆ ಬಾಯಿಪಾಠ. ಅದಕ್ಕೆ ಕಾರಣವಿದೆ. ಭದ್ರಾವತಿಯ ಕುಲುಮೆ ಮೊದಲು ಉರಿದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ. ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ನಾವು ಎಲೆಕ್ಟ್ರಿಕಲ್‌ನವರ ಜೀವ ಇದ್ದದ್ದೇ ಅಲ್ಲಿ. ಎಲೆಕ್ಟ್ರೋಡು ಕೆಳಗಿಳಿದು ಕಿಡಿ ಹತ್ತಿದಾಗಿನ ಆ ಗರ್ಜನೆ ಕೇಳಿದವನಿಗೆ ಬೇರೆ ಸಂಗೀತ ರುಚಿಸುವುದಿಲ್ಲ. ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬದಿದ್ದರೆ ವಿದ್ಯುತ್ ಕಡಿತ, ಕುಲುಮೆ ತಣ್ಣಗೆ. ಹಾಗಾಗಿ ಜೂನ್ ಬಂತೆಂದರೆ ಬೆಳಿಗ್ಗೆ ಪೇಪರಿನಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಜಲಾಶಯದ ಮಟ್ಟ. ನೋಡಿ ಗಟ್ಟಿಯಾಗಿ ಓದುತ್ತಿದ್ದೆ. "ಏನೇ, ನಿನ್ನೆ ಒಂದೇ ದಿನ ಮೂರಡಿ ಬಂದಿದೆ! 1800 ದಾಟಿತು ಕಣೇ!" ತುಂಬಿದ ದಿನ ಸಂಜೆ ಮನೆಗೆ ಜಿಲೇಬಿ ತಂದದ್ದೂ ಉಂಟು. ಇವಳು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಹೆಂಗಸರಿಗೆ ಇದರಲ್ಲೇನು ಆಸಕ್ತಿ ಎಂದುಕೊಳ್ಳುತ್ತಿದ್ದೆ. ಒಂದು ವರ್ಷವಲ್ಲ, ಮೂವತ್ತು ವರ್ಷ.

1819 ಎಂದದ್ದಕ್ಕೆ ಇವಳು ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ.

"ನೀರು ಪೂರ್ತಿ ಇಳಿದರೆ ನಮ್ಮ ಬಾವಿಕಟ್ಟೆ ಕಾಣುತ್ತೆ ಅಂತ ಅಣ್ಣ ಒಂದ್ಸಲ ಹೇಳಿದ್ದ" ಎಂದಳು. "ನೀವು ಪೇಪರ್ ಓದಿ ಈ ವರ್ಷ ನೀರೇ ಇಲ್ಲ ಅಂತ ತಲೆ ಮೇಲೆ ಕೈ ಹೊತ್ತಾಗೆಲ್ಲ, ಈಗ ಕಾಣ್ತಿರಬಹುದು ಅನ್ನಿಸೋದು. ಇನ್ನೊಂದು ಸ್ವಲ್ಪ ದಿನ ಮಳೆ ಬರದೇ ಇರಲಿ ಅನ್ನಿಸೋದು. ಆಮೇಲೆ, ಅಯ್ಯೋ, ಇವರ ಕೆಲಸ ಅದರ ಮೇಲೇ ಅಲ್ವಾ ಅಂತ ಹೆದರಿ ದೇವರಿಗೆ ತುಪ್ಪದ ದೀಪ ಹಚ್ಚಿಬಿಡ್ತಿದ್ದೆ."

"ಹೇಳಬಾರದಿತ್ತಾ? ಕರ್ಕೊಂಡು ಬರ್ತಿದ್ದೆ."

"ನೀವು ಅಷ್ಟು ಖುಷಿಯಾಗಿ ಓದೋರು."

ಅಷ್ಟೇ ಮಾತು. ಹತ್ತು ಹದಿನೈದು ನಿಮಿಷದ ಹಾದಿ, ದಡ ಬಂದೇಬಿಟ್ಟಿತು. ಬಸ್ಸಿನವನು ಹಾರ್ನ್ ಹೊಡೆದ. ಭಾವ ಇಳಿಯಲಿಲ್ಲ, ಅಲ್ಲೇ ಕೂರುತ್ತೇನೆ, ಬರುವ ಲಾಂಚಿನಲ್ಲಿ ವಾಪಸ್ಸು ಹೋಗಿ ಮತ್ತೆ ಬರುತ್ತೇನೆ ಎಂದರು. ನಾವು ಸಿಗಂದೂರಿಗೆ ಹೋಗಿ ಚೌಡಮ್ಮನಿಗೆ ಹಣ್ಣುಕಾಯಿ ಮಾಡಿಸಿ ಬರುವಷ್ಟರಲ್ಲಿ ಆ ಮನುಷ್ಯ ಎಷ್ಟು ಸಲ ಅತ್ತಿಂದಿತ್ತ ಓಡಾಡಿದ್ದರೋ. ಲಾಂಚಿನ ಹುಡುಗರು ಅವರಿಗೆ ಒಂದು ಕುರ್ಚಿ ಹಾಕಿಕೊಟ್ಟಿದ್ದರು. ಮೊಮ್ಮಗಳು ಅಷ್ಟು ಹೊತ್ತಿಗೆ ರಾಜಿಯಾಗಿದ್ದಳು. ವಾಪಸು ಬರುವಾಗ ಅಜ್ಜಿಯ ಮಡಿಲಲ್ಲಿ ಕೂತು, "ಕೆಳಗೆ ನಿಮ್ಮನೆ ಇದೆಯಾ? ಡೋರ್ ಬೆಲ್ ಇತ್ತಾ?" ಎಂದು ವಿಚಾರಿಸುತ್ತಿದ್ದಳು. ಇವಳು ಸಾವಧಾನವಾಗಿ ಎಲ್ಲ ಹೇಳಿದಳು. ಬೆಲ್ ಇರಲಿಲ್ಲ, ಚಿಲಕ ಅಲ್ಲಾಡಿಸಬೇಕಿತ್ತು. ಕೋಣೆ ಎಷ್ಟು, ಬೆಕ್ಕು ಎಷ್ಟು, ಯಾವ ಮರ ಹತ್ತಿ ಬಿದ್ದದ್ದು. ನಾನು ಸ್ವಲ್ಪ ಹಿಂದೆ ನಿಂತು ಕೇಳಿಸಿಕೊಂಡೆ. ಎಲ್ಲವೂ ನನಗೆ ಹೊಸದು.

ರಾತ್ರಿ ಶಿವಮೊಗ್ಗ ಸೇರಿದಾಗ ಒಂಬತ್ತಾಗಿತ್ತು. ಭಾವನ ಮನೆಯಲ್ಲಿ ಊಟ. ಬಾಗಿಲಲ್ಲಿ ನಾನು ಒಂದು ನಿಮಿಷ ನಿಂತು ಆ ಮರವನ್ನು ಮುಟ್ಟಿ ನೋಡಿದೆ. ಬಲಗಡೆ, ಮಗುವಿನ ಎತ್ತರದಲ್ಲಿ, ಚಾಕುವಿನಿಂದ ಗೀಚಿದ ಮೂರು ಗೆರೆಗಳಿದ್ದವು, ಒಂದರ ಮೇಲೊಂದು. ಬಣ್ಣದ ಮೇಲೆ ಬಣ್ಣ ಬಳಿದು ಅರ್ಧ ಮುಚ್ಚಿಹೋಗಿದ್ದವು. "ಕಡೇದು ನಂದು" ಎಂದಳು ಇವಳು ಹಿಂದಿನಿಂದ. ಆಮೇಲೆ ಏಳುವಾಗ, ಊಟದ ಮತ್ತಿನಲ್ಲಿ, ಮತ್ತೆ ಹಣೆ ಹೊಡೆಸಿಕೊಂಡೆ. ಎಲ್ಲರೂ ನಕ್ಕರು, ಭಾವ ಎಲ್ಲರಿಗಿಂತ ಹೆಚ್ಚು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಟಿವಿಯಲ್ಲಿ ನೋಡಿದೆವು. ಆ ಬುಟ್ಟಿಯ ಹೆಂಗಸು ಜನರ ಮಧ್ಯೆ ಎಲ್ಲಾದರೂ ಕಾಣುತ್ತಾರಾ ಎಂದು ಇವಳು ಹುಡುಕುತ್ತಿದ್ದಳು. ಹೊರಗೆ ಭದ್ರಾವತಿಯಲ್ಲಿ ಜಡಿಮಳೆ. ಮಾರನೇ ದಿನ ಪೇಪರ್ ಬಂತು. ನಾನು ಮಟ್ಟದ ಅಂಕಿ ನೋಡಿದೆ, ಓದಲಿಲ್ಲ, ಪುಟ ತಿರುವಿದೆ.

"ಎಷ್ಟಂತೆ ಇವತ್ತು?" ಎಂದಳು ಅಡುಗೆಮನೆಯಿಂದ.

ಹೇಳಿದೆ.

"ಹಾಗಾದರೆ ಬಾವಿಕಟ್ಟೆ ಆಗಲೇ ಹೋಯ್ತು" ಎಂದು ಕಾಫಿ ತಂದು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.