ಹನ್ನೆರಡು ಗಂಟೆವರೆಗೂ ನೋಟು ನೋಟೇ

2016ರ ನವೆಂಬರ್ 8, ಮಂಗಳವಾರ. ಬೊಮ್ಮನಹಳ್ಳಿ ಹತ್ತಿರದ ನಮ್ಮ ಗೋಡೌನಿನಲ್ಲಿ ಸಂಜೆ ಪಾಳಿ ನನ್ನದು. ಆರರಿಂದ ಒಂಬತ್ತರ ಸ್ಲಾಟಿನ ದಿನಸಿ, ತರಕಾರಿ, ಹಾಲು ಎಲ್ಲ ಕ್ರೇಟುಗಳಲ್ಲಿ ಹೊರಟುಹೋಗಿತ್ತು. ಹುಡುಗರು ಎಚ್‌ಎಸ್‌ಆರ್ ಲೇಔಟು, ಕೋರಮಂಗಲ, ಬಿಟಿಎಂ ಕಡೆ ಮನೆಮನೆಯ ಬೆಲ್ಲು ಒತ್ತುತ್ತಿದ್ದ ಹೊತ್ತು. ಎಂಟೂವರೆ ಸುಮಾರಿಗೆ ರಾಯಚೂರಿನ ಹುಡುಗನೊಬ್ಬ ಫೋನ್ ಮಾಡಿದ.

‘ಅಣ್ಣಾ, ಇಲ್ಲೊಬ್ಬರು ಅಜ್ಜಾರು ಐನೂರರ ನೋಟು ಕೊಡಾಕತ್ತಾರ. ಮಗ್ಗಲ ಮನಿಯವರು ಟಿವ್ಯಾಗ ನೋಡಿ ಬಂದು, ಆ ನೋಟು ಇನ್ನ ನಡೆಂಗಿಲ್ಲ, ತಗೋಬ್ಯಾಡ ಅಂತಾರ. ಏನ್ ಮಾಡ್ಲಿ?’

ನನಗೆ ಅರ್ಥವೇ ಆಗಲಿಲ್ಲ. ಒಂದು ನಿಮಿಷ ತಡಿ ಅಂದೆ. ಅಷ್ಟರಲ್ಲಿ ಇನ್ನೊಬ್ಬ, ಮತ್ತೊಬ್ಬ. ನಾಲ್ಕೈದು ಫೋನು ಒಟ್ಟಿಗೇ ಬಡಿದುಕೊಳ್ಳತೊಡಗಿದವು. ಗೇಟಿನ ವಾಚ್‌ಮನ್ ಮೊಬೈಲಿನಲ್ಲಿ ಪ್ರಧಾನಿಯ ಭಾಷಣ ಹಾಕಿಕೊಂಡು ಒಳಗೆ ಓಡಿಬಂದ. ಐನೂರು, ಸಾವಿರದ ನೋಟುಗಳು ನಡುರಾತ್ರಿಯಿಂದ ಚಲಾವಣೆಯಲ್ಲಿ ಇರುವುದಿಲ್ಲ. ದೇಶದಲ್ಲಿ ಓಡಾಡುತ್ತಿದ್ದ ಹಣದ ಮೌಲ್ಯದಲ್ಲಿ ಶೇಕಡ 86ರಷ್ಟು ಆ ಎರಡೇ ನೋಟುಗಳಲ್ಲಿತ್ತು ಎಂದು ಆಮೇಲೆ ಓದಿದೆವು. ಆ ಹೊತ್ತಿಗೆ ನಮಗೆ ಕಂಡದ್ದು ಇಷ್ಟೇ: ಹೊರಗಿದ್ದ ಪ್ರತಿಯೊಬ್ಬ ಹುಡುಗನ ಬ್ಯಾಗಿನಲ್ಲೂ ಅವೇ ನೋಟುಗಳಿದ್ದವು, ಮುಂದೆ ಅವನು ಹೋಗುವ ಪ್ರತಿ ಮನೆಯಲ್ಲೂ ಅವೇ ನೋಟು ಹಿಡಿದು ಕಾಯುತ್ತಿದ್ದರು.

ನಮ್ಮ ಕಂಪನಿ ಆಗ ಯಾವ ಸ್ಥಿತಿಯಲ್ಲಿತ್ತು ಅಂತ ಹೇಳದಿದ್ದರೆ ಆ ರಾತ್ರಿಯ ಕಷ್ಟ ನಿಮಗೆ ತಿಳಿಯುವುದಿಲ್ಲ. ನಾನು ಸೇರಿದಾಗ ಇದ್ದದ್ದು ಒಂದೇ ಗೋಡೌನು. ದಸರೆಯ ಹೊತ್ತಿಗೆ ವೈಟ್‌ಫೀಲ್ಡು, ಯಲಹಂಕ, ರಾಜರಾಜೇಶ್ವರಿ ನಗರ ಎಲ್ಲ ಕಡೆ ಆಗಿದ್ದವು. ಸೋಮವಾರ ಕೆಲಸಕ್ಕೆ ಬಂದ ಹುಡುಗ ಶುಕ್ರವಾರ ತನಗಿಂತ ಹೊಸಬನಿಗೆ ರೂಟು ತೋರಿಸುತ್ತಿದ್ದ. ಡಿಗ್ರಿ ಮುಗಿಸಿ ಹಾಸನದಿಂದ ಬಂದ ನನ್ನ ಕೈಕೆಳಗೆ, ಎರಡು ಹಬ್ಬ ಕಳೆಯುವಷ್ಟರಲ್ಲಿ, ಒಂದು ಇಡೀ ಪಾಳಿಯ ಜನ ಇದ್ದರು. ಅದರಲ್ಲಿ ಅರ್ಧ ಜನ ನನಗಿಂತ ದೊಡ್ಡವರು. ಕಂಪನಿ ಕಟ್ಟಿದ ಇಬ್ಬರಿಗೂ ಇನ್ನೂ ಮೂವತ್ತು ದಾಟಿರಲಿಲ್ಲ. ಅವರು ನಿಜವಾಗಿ ದುಡಿಯುತ್ತಿದ್ದರು, ಬೆಳಗಿನ ಜಾವ ತರಕಾರಿ ಲಾರಿ ಬಂದಾಗ ಎಷ್ಟೋ ಸಲ ತಾವೇ ನಿಂತು ಇಳಿಸಿದ್ದಾರೆ. ಆದರೆ ಬೆಳವಣಿಗೆ ಎಂಬುದು ಎಷ್ಟು ಜೋರಾಗಿತ್ತೆಂದರೆ, ಹೀಗಾದರೆ ಹೀಗೆ ಮಾಡಿ ಎಂದು ಬರೆದಿಡಲು ಯಾರಿಗೂ ಪುರಸೊತ್ತೇ ಇರಲಿಲ್ಲ. ಆಗಬಾರದ್ದು ಆದಾಗ ಅಲ್ಲಿ ಯಾರು ನಿಂತಿರುತ್ತಾರೋ ಅವರು ಹೇಳಿದ್ದೇ ಕಂಪನಿಯ ನಿಯಮ. ಸೆಪ್ಟೆಂಬರ್ 12ರ ಕಾವೇರಿ ಗಲಾಟೆಯ ದಿನವೂ ಹಾಗೇ ಆಗಿತ್ತು. ಊರಿಗೆ ಬೆಂಕಿ ಬಿದ್ದಿದೆ, ಹುಡುಗರನ್ನು ವಾಪಸು ಕರೆಸು ಎಂದು ಹೇಳಿದವನು ಗೇಟಿನ ವಾಚ್‌ಮನ್.

ಇನ್ನೊಂದು ಮಾತು. ನಮ್ಮ ವ್ಯಾಪಾರ ನಿಂತಿದ್ದೇ ಮನೆ ಬಾಗಿಲಲ್ಲಿ ಕೊಡುವ ನಗದಿನ ಮೇಲೆ. 2007ರಲ್ಲಿ ಕೋರಮಂಗಲದ ಒಂದು ಮನೆಯಲ್ಲಿ ಪುಸ್ತಕ ಮಾರಲು ಶುರುಮಾಡಿದ ಫ್ಲಿಪ್‌ಕಾರ್ಟ್, 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದ ಮೇಲೆಯೇ ನಮ್ಮ ಜನ ಆನ್‌ಲೈನ್ ವ್ಯಾಪಾರವನ್ನು ನಂಬಿದ್ದು. ಸಾಮಾನು ಕಣ್ಣಿಗೆ ಕಂಡ ಮೇಲೆ ದುಡ್ಡು ಅಂದರೆ ನಮ್ಮಮ್ಮನೂ ಒಪ್ಪುತ್ತಿದ್ದಳು. ಯುಪಿಐ 2016ರ ಏಪ್ರಿಲ್‌ನಲ್ಲಿ ಬಂದಿತ್ತಾದರೂ ಬೀದಿಯಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಕಾರ್ಡು ಉಜ್ಜುವ ಮಷೀನು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅದೇ ವರ್ಷ ಗುರುಗ್ರಾಮದ ಪೆಪ್ಪರ್‌ಟ್ಯಾಪ್ ಮನೆಗೆ ದಿನಸಿ ತಲುಪಿಸುವ ಕೆಲಸ ನಿಲ್ಲಿಸಿತ್ತು. ಹೂಡಿಕೆದಾರರ ಕೈ ಬಿಗಿಯಾಗಿತ್ತು. ಒಂದು ವಾರ ನಗದು ನಿಂತರೆ ನಮ್ಮ ಗತಿಯೂ ಅದೇ ಎಂಬ ಭಯ ಎಲ್ಲರ ಒಳಗೂ ಇತ್ತು.

ಹೆಡ್ ಆಫೀಸಿಗೆ ಫೋನ್ ಮಾಡಿದೆ, ಎಲ್ಲ ಲೈನೂ ಬ್ಯುಸಿ. ಕ್ಯಾಶ್ ರೂಮಿನಲ್ಲಿ ಅಕ್ಕ ಕೂತಿದ್ದರು. ಮಂಡ್ಯ ಕಡೆಯವರು, ನಲವತ್ತು ದಾಟಿದವರು, ಮೊದಲು ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವರು. ಎಲ್ಲರಿಗೂ ಅವರು ಅಕ್ಕ, ಕಂಪನಿ ಕಟ್ಟಿದವರಿಗೂ. ಹೋಗಿ ವಿಷಯ ಹೇಳಿದೆ. ಅವರು ಎಣಿಸುತ್ತಿದ್ದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಟ್ಟರು.

‘ಏನ್ ಯೋಚ್ನೆ ಮಾಡ್ತಾ ನಿಂತಿದ್ದೀಯಪ್ಪ? ಇಸ್ಕೊಳ್ಳೋಕೆ ಹೇಳು. ಹನ್ನೆರಡು ಗಂಟೆವರ್ಗೂ ನೋಟು ನೋಟೇ. ಬ್ಯಾಂಕ್ನಲ್ಲಿ ಕಟ್ಟೋಕೆ ಡಿಸೆಂಬರ್‌ಗಂಟ ಟೈಮ್ ಕೊಟ್ಟವ್ರೆ ಅಂತ ಅಲ್ಲೇ ಹೇಳ್ತಾವ್ರಲ್ಲ. ನಮ್ದು ಕಂಪನಿ ಖಾತೆ, ಲೆಕ್ಕ ಐತೆ, ಬಿಲ್ ಐತೆ. ಆದ್ರೆ ಒಂದು. ಯಾವ ಹುಡ್ಗ ಎಷ್ಟು ಐನೂರು ತಂದ, ಎಷ್ಟು ಸಾವ್ರ ತಂದ ಅಂತ ನಾನು ಬರ್ಕೋತೀನಿ. ನಾಳೆ ಯಾವ ಹುಡುಗ್ನ ತಲೆ ಮೇಲೂ ಇದು ಬರ್ಬಾರ್ದು.’

ಕೊನೆಯ ಮಾತಿಗೆ ಒಂದು ಹಿನ್ನೆಲೆ ಇದೆ. ಹುಡುಗರು ರಾತ್ರಿ ಬಂದು ಕ್ಯಾಶ್ ಕಟ್ಟುವಾಗ ಲೆಕ್ಕದಲ್ಲಿ ಕಡಿಮೆ ಬಂದರೆ ಅದು ಅವರ ಸಂಬಳದಿಂದ ಹೋಗುತ್ತಿತ್ತು. ನಮ್ಮ ಆ್ಯಪಿನಲ್ಲಿ ಒಟ್ಟು ಮೊತ್ತ ಬರೆಯಲು ಮಾತ್ರ ಜಾಗ, ಯಾವ ನೋಟು ಎಷ್ಟು ಅಂತ ಬರೆಯಲು ಇರಲಿಲ್ಲ. ನಾಳೆ ಬ್ಯಾಂಕು ಬೇಡವೆಂದರೆ, ಇಂಥವನು ತಂದ ನೋಟು ಎಂದು ಯಾರನ್ನು ಬೇಕಾದರೂ ಹಿಡಿಯಬಹುದಿತ್ತು. ಹುಡುಗರು ಫೋನ್ ಮಾಡಿ ಕೇಳುತ್ತಿದ್ದುದು ಇದೇ ಭಯದಿಂದ. ಅಕ್ಕನಿಗೆ ಅದು ನಮಗೆಲ್ಲರಿಗಿಂತ ಮೊದಲು ಹೊಳೆಯಿತು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದೆ: ಹನ್ನೆರಡರವರೆಗೆ ತಗೊಳ್ಳಿ, ಅಕ್ಕ ಚೀಟಿ ಕೊಡುತ್ತಾರೆ. ಚೀಟಿ ಅಂದದ್ದೇ ಸಾಕಾಯಿತು. ಫೋನುಗಳು ನಿಂತವು.

ಒಂಬತ್ತೂವರೆಯಿಂದ ಹುಡುಗರು ಒಬ್ಬೊಬ್ಬರಾಗಿ ಬರತೊಡಗಿದರು. ಅಕ್ಕ ಒಂದು ಉದ್ದನೆಯ ರೂಲ್ಡ್ ಪುಸ್ತಕ ತೆಗೆದು ಕೈಯಿಂದಲೇ ಗೆರೆ ಎಳೆದಿದ್ದರು. ಹೆಸರು, ಸಾವಿರ, ಐನೂರು, ನೂರು, ಚಿಲ್ಲರೆ, ಸಹಿ. ಕೊನೆಗೆ ಒಂದು ಅಂಕಣ ಹೆಚ್ಚಿಗೆ: ‘ಗಿರಾಕಿಗೆ ಬಾಕಿ’. ಚಿಲ್ಲರೆ ಸಿಗದೆ ಹುಡುಗ ಯಾವ ಮನೆಗೆ ಎಷ್ಟು ವಾಪಸು ಕೊಡಬೇಕೋ ಅದು ಅಲ್ಲಿ. ಪ್ರತಿಯೊಬ್ಬನ ಎದುರಿಗೇ ಎಣಿಸಿ, ಎರಡು ಚೀಟಿ ಬರೆದು, ಒಂದಕ್ಕೆ ತಾವು ಸಹಿ ಹಾಕಿ ಅವನ ಕೈಗೆ ಕೊಟ್ಟು, ಇನ್ನೊಂದಕ್ಕೆ ಅವನ ಸಹಿ ತೆಗೆದುಕೊಂಡರು. ಹಳೆ ನೋಟು ಮುಟ್ಟಬೇಡಿ ಎಂದು ಹೆಡ್ ಆಫೀಸಿನಿಂದ ಮೆಸೇಜು ಬಂದಾಗ ಹತ್ತು ದಾಟಿತ್ತು. ಅಷ್ಟರಲ್ಲಿ ನಮ್ಮ ಗೋಡೌನಿನ ಎಲ್ಲ ಮನೆಗಳಿಗೂ ಸಾಮಾನು ತಲುಪಿತ್ತು. ಬೇರೆ ಗೋಡೌನುಗಳಲ್ಲಿ ಕ್ರೇಟುಗಳು ತುಂಬಿಕೊಂಡೇ ವಾಪಸಾಗಿ, ಆ ಸೊಪ್ಪು, ಹಾಲೆಲ್ಲ ವ್ಯರ್ಥವಾದವು.

ಮಾರನೆಯ ದಿನ ಬ್ಯಾಂಕಿಗೆ ರಜೆ, ಎಟಿಎಂ ಮುಚ್ಚಿತ್ತು. ದೊಡ್ಡ ಕಂಪನಿಗಳು ಕ್ಯಾಶ್ ಆನ್ ಡೆಲಿವರಿಯನ್ನು ನಿಲ್ಲಿಸಿದವು, ಇಲ್ಲವೇ ಮಿತಿ ಹಾಕಿದವು. ನಮ್ಮಲ್ಲಿ ನಡೆದದ್ದು ತಿರುಗುಮುರುಗು. ಕೈಯಲ್ಲಿ ನೋಟಿಲ್ಲದ ಜನ ಕಾರ್ಡಿನಲ್ಲಿ ಮೊದಲೇ ದುಡ್ಡು ಕಟ್ಟಿ ಅಕ್ಕಿ, ಬೇಳೆ ತರಿಸಿಕೊಳ್ಳಲು ಮುಗಿಬಿದ್ದರು. ಸಂತೆ ಬೀದಿ ಖಾಲಿ, ನಮ್ಮ ಆ್ಯಪು ಮಾತ್ರ ನೂಕುನುಗ್ಗಲಿಗೆ ಕುಸಿದು ಕುಸಿದು ಏಳುತ್ತಿತ್ತು. ಇಂಜಿನಿಯರ್ ಹುಡುಗರು ಆಫೀಸಿನಲ್ಲೇ ಮಲಗಿ ಎದ್ದರು. ವೇಗವಾಗಿ ಬೆಳೆಯುವ ಕಂಪನಿ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಆ ವಾರವೇ ನೆನಪಾಗುತ್ತದೆ. ನಿದ್ದೆ ಇಲ್ಲ, ಆದರೂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನಾವು ಇಲ್ಲದಿದ್ದರೆ ಈ ಬೀದಿಯ ಅಡುಗೆಮನೆ ಉರಿಯುವುದಿಲ್ಲ ಎಂಬ ಹೆಮ್ಮೆ. ಅಂಥ ಹೆಮ್ಮೆ ಆಮೇಲೆ ದುಡಿದ ಯಾವ ಜಾಗದಲ್ಲೂ ನನಗೆ ಸಿಕ್ಕಿಲ್ಲ.

ಹುಡುಗರ ಪಾಡು ಬೇರೆ. ಅವರ ಸಂಬಳ ಬ್ಯಾಂಕಿನಲ್ಲಿ, ಊರಿನ ಮನೆಗೆ ಬೇಕಾದದ್ದು ಕೈಯಲ್ಲಿ. ಪೆಟ್ರೋಲ್ ಬಂಕಿನವರಿಗೆ ಹಳೆ ನೋಟು ತೆಗೆದುಕೊಳ್ಳಲು ಸರ್ಕಾರದ ಅನುಮತಿ ಇತ್ತು, ಆದರೆ ಚಿಲ್ಲರೆ ಇರಲಿಲ್ಲ. ಐನೂರಕ್ಕೂ ಹಾಕಿಸಿಕೊ, ಇಲ್ಲ ಹೋಗು. ಮೈಸೂರಿನ ಮುದ್ರಣಾಲಯದಲ್ಲಿ ಅಚ್ಚಾದ ಎರಡು ಸಾವಿರದ ಗುಲಾಬಿ ನೋಟು ಬಂದ ಮೇಲಂತೂ ನೂರರ ನೋಟು ಬಂಗಾರವಾಯಿತು. ಅಕ್ಕ ಪಾಳಿಯನ್ನೇ ಕತ್ತರಿಸಿ ಜೋಡಿಸಿದರು. ಬೆಳಿಗ್ಗೆ ನಾಲ್ವರು ಬ್ಯಾಂಕಿನ ಕ್ಯೂನಲ್ಲಿ, ಅವರ ಮನೆಗಳನ್ನು ಉಳಿದವರು ಮುಗಿಸಬೇಕು, ಮಾರನೆಯ ದಿನ ಇನ್ನು ನಾಲ್ವರು. ಇದನ್ನು ಯಾವ ಮೇಲಧಿಕಾರಿಯೂ ಮಂಜೂರು ಮಾಡಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಆ ವಾರದ ಕೊನೆಗೆ ಕಂಪನಿ ಕಟ್ಟಿದವರಲ್ಲಿ ಚಿಕ್ಕವರು ಗೋಡೌನಿಗೆ ಬಂದರು. ಕ್ರೇಟಿನ ಮೇಲೆ ಕೂತು ಅಕ್ಕನ ಪುಸ್ತಕವನ್ನು ಹಾಳೆ ಹಾಳೆ ತಿರುವಿದರು. ಬೇರೆ ಗೋಡೌನುಗಳಲ್ಲಿ ಲೆಕ್ಕ ಕೂಡಿರಲಿಲ್ಲ, ಜಗಳಗಳಾಗಿದ್ದವು, ಎರಡು ಕಡೆ ಹುಡುಗರು ಕೆಲಸ ಬಿಟ್ಟು ಹೋಗಿದ್ದರು. ಇಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ. ಅವರು ಅಲ್ಲೇ ಫೋನು ಮಾಡಿ ಒಬ್ಬ ಇಂಜಿನಿಯರನ್ನು ಕರೆಸಿದರು. ಆ ಹುಡುಗ ಲ್ಯಾಪ್‌ಟಾಪು ತೆರೆದು ಅಕ್ಕನ ಪಕ್ಕದಲ್ಲೇ ಕೂತ. ಅವರು ಗೆರೆ ಎಳೆದಂತೆಯೇ ಅವನು ಪರದೆಯ ಮೇಲೆ ಗೆರೆ ಎಳೆದ. ‘ಬಾಕಿ’ ಅಂಕಣ ಯಾಕೆ ಬೇಕು ಅಂತ ಕೇಳಿದ. ಅಕ್ಕ ಅಂದರು, ‘ಬಾಕಿ ಬರೀಲಿಲ್ಲ ಅಂದ್ರೆ ಆಯಮ್ಮ ಇನ್ನೊಂದ್ ಸಲ ನಮ್ತಾವ ಯಾಕ್ ತರುಸ್ತಾರೆ? ಊಟ ಮಾಡ್ದೇನಪ್ಪ ನೀನು? ಮೊದ್ಲು ಹೋಗಿ ಊಟ ಮಾಡ್ಕೊಂಡ್ ಬಾ.’

ಗಿರಾಕಿಗೆ ಕೊಡಬೇಕಾದ ಚಿಲ್ಲರೆ ಅವರ ಖಾತೆಯಲ್ಲೇ ಕೂತು ಮುಂದಿನ ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ ಹುಟ್ಟಿದ್ದು ಆ ಅಂಕಣದಿಂದ. ಮರುವಾರ ಅದು ಎಲ್ಲ ಗೋಡೌನುಗಳಿಗೆ ಹೋಯಿತು. ಊರಿಂದೂರಿಗೆ ಹೋದ ಕಂಪನಿಯ ಜೊತೆ ಮುಂದೆ ಪುಣೆಗೂ ಹೈದರಾಬಾದಿಗೂ ಹೋಯಿತು.

ಮುಂದಿನ ವರ್ಷ ಬೇಸಿಗೆ ಹೊತ್ತಿಗೆ ಹೊಸ ಹೂಡಿಕೆ ಬಂತು. ಕೋರಮಂಗಲದ ಒಂದು ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು. ಗೋಡೆಯ ಮೇಲೆ ಮೇಲೇರುವ ಗೆರೆಗಳು, ಚಪ್ಪಾಳೆ. ನೋಟು ರದ್ದಾದಾಗ ನಮ್ಮ ತಂತ್ರಜ್ಞಾನ ತಂಡ ಕೆಲವೇ ದಿನಗಳಲ್ಲಿ ಕಟ್ಟಿದ ನಗದು ವ್ಯವಸ್ಥೆ ಎಂದು ಒಂದು ಚಿತ್ರ ಬಂತು. ಅದರ ಕೆಳಗೆ ನಾಲ್ಕು ಹೆಸರು. ಅಕ್ಕನ ಹೆಸರಿಲ್ಲ. ಆಮೇಲೆ ಕಂಪನಿಯ ಷೇರು ಯಾರ್ಯಾರಿಗೆ ಎಂಬ ಮಾತು ಬಂತು. ಆಫೀಸಿನವರಿಗೆ, ಇಂಜಿನಿಯರುಗಳಿಗೆ, ನನ್ನಂಥ ಪಾಳಿ ನೋಡುವವರಿಗೂ ಅಷ್ಟಿಷ್ಟು. ಕ್ಯಾಶ್ ರೂಮಿನವರಿಗೆ, ಡೆಲಿವರಿ ಹುಡುಗರಿಗೆ ಇಲ್ಲ. ಅವರು ನಮ್ಮ ಜೊತೆ ಒಂದೇ ಬಣ್ಣದ ಟೀ ಶರ್ಟು ಹಾಕಿದ್ದರೂ ಕಾಗದದಲ್ಲಿ ಏಜೆನ್ಸಿಯ ನೌಕರರು.

ನಾನು ಎದ್ದು ನಿಂತು ಹೇಳಿದೆ. ಆ ವ್ಯವಸ್ಥೆ ಮೊದಲು ಪುಸ್ತಕದಲ್ಲಿತ್ತು, ಆ ಪುಸ್ತಕ ಇವರದು ಎಂದು ಅಕ್ಕನ ಕಡೆ ಕೈ ತೋರಿಸಿದೆ. ಚಿಕ್ಕವರು ವೇದಿಕೆಯಿಂದ ಇಳಿದು ಅವರಿದ್ದಲ್ಲಿಗೇ ಬಂದರು. ಹೌದು, ಈ ಹೆಸರು ಮೊದಲು ಬರಬೇಕಿತ್ತು ಅಂದರು. ಮುಚ್ಚುಮರೆ ಮಾಡಲಿಲ್ಲ. ಷೇರಿನ ಮಾತೂ ಅವರೇ ಎತ್ತಿದರು, ಏಜೆನ್ಸಿಯವರಿಗೆ ಕೊಡಲು ಸದ್ಯಕ್ಕೆ ದಾರಿಯಿಲ್ಲ ಅಂದರು.

ಅಕ್ಕ ಕೇಳಿದರು, ‘ನಮ್ಮ ಸೊಸೈಟೀಲಿ ಷೇರ್ ಹಾಕ್ದೋರ್ಗೆಲ್ಲ ಒಂದೊಂದ್ ಓಟಿತ್ತು ಸಾರ್. ಇಲ್ಲಿ ಈಗ ಷೇರ್ ಸಿಕ್ಕಿರೋರ್ಗೆ ಓಟ್ ಐತಾ?’

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದಾಗಿನಿಂದ ನಮ್ಮ ಹಳ್ಳಿಗಳು ಕಲಿತ ಪಾಠ ಅದು. ದೊಡ್ಡ ಹಿಡುವಳಿಯವನಿಗೂ ಒಂದೇ ಓಟು, ಚಿಕ್ಕವನಿಗೂ ಒಂದೇ. ಆ ಸಭಾಂಗಣದಲ್ಲಿ ಓದಿದವರು ಬೇಕಾದಷ್ಟಿದ್ದರು, ಈ ಪ್ರಶ್ನೆ ಬೇರೆ ಯಾರಿಗೂ ಬಂದಿರಲಿಲ್ಲ. ಚಿಕ್ಕವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈಗ ಇಲ್ಲ ಅಕ್ಕ, ಷೇರನ್ನು ದುಡ್ಡು ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆ ಇರುತ್ತದೆ, ಆದರೂ ನಡೆಯುವುದು ದೊಡ್ಡ ಪಾಲಿನವರ ಮಾತೇ ಅಂದರು. ಆ ಪ್ರಾಮಾಣಿಕತೆಗೆ ಅವರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಷೇರು ಕೊಡಲಿಲ್ಲವಲ್ಲ, ಅದು ಅನ್ಯಾಯ ಎಂದೂ ಇಂದಿಗೂ ಹೇಳುತ್ತೇನೆ.

‘ಹಂಗಾದ್ರೆ ಬಿಡಿ ಸಾರ್. ಹುಡುಗ್ರದ್ದು ಇಎಸ್‌ಐ ಕಾರ್ಡ್ ಮಾಡ್ಸಿಕೊಡಿ. ಸಂಬ್ಳದ ಮಿತಿ ಏರ್ಸವ್ರೆ. ಏಜೆನ್ಸಿಯೋರು ಇವತ್ತು ನಾಳೆ ಅಂತವ್ರೆ.’

ಅದು ನಿಜ. ಆ ಜನವರಿಯಿಂದ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಸಂಬಳದ ಮಿತಿ 15,000 ರೂಪಾಯಿಯಿಂದ 21,000ಕ್ಕೆ ಏರಿತ್ತು. ನಮ್ಮ ಹುಡುಗರು ಹೆಚ್ಚುಕಡಿಮೆ ಎಲ್ಲರೂ ಅದರೊಳಗೆ ಬರುತ್ತಿದ್ದರು. ಹೆಡ್ ಆಫೀಸಿನಲ್ಲಿ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಸಭೆ ಮುಗಿಯುವ ಮೊದಲೇ ಅಲ್ಲಿಂದಲೇ ಏಜೆನ್ಸಿಗೆ ಫೋನು ಹೋಯಿತು. ತಿಂಗಳು ತಿರುಗುವುದರೊಳಗೆ ಕಾರ್ಡುಗಳು ಬಂದವು, ಮೊದಲು ನಮ್ಮ ಗೋಡೌನಿಗೆ, ಆಮೇಲೆ ಉಳಿದ ಎಲ್ಲದಕ್ಕೂ. ಹಂಚಿದ್ದು ಅಕ್ಕನೇ, ಪ್ರತಿಯೊಬ್ಬನ ಸಹಿ ತೆಗೆದುಕೊಂಡು.