ಪರಸ್ಥಳದ ಪಂದ್ಯ

ಪರಸ್ಥಳಕ್ಕೆ ಹೋಗದೆ ತನ್ನ ಬಲದ ಅಳತೆ ಯಾರಿಗೂ ತಿಳಿಯದು. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಹವ್ಯಾಸಿ ತರುಣರ ಹಾಕಿ ತಂಡವನ್ನು ನಾವು ಬೆಂಗಳೂರಿನ ಪಂದ್ಯಾಟಕ್ಕೆ ಕರೆದೊಯ್ದೆವು. ರಾಯಬಾಗದಲ್ಲಿ ರೈಲನ್ನೇರಿ ರೊಟ್ಟಿ, ಶೇಂಗಾ ಹಿಂಡಿಯ ಗಂಟುಗಳನ್ನು ಬಿಚ್ಚಿದಾಗ ಯಾವುದು ಯಾರ ಮನೆಯದೆಂದು ಒಬ್ಬರೂ ಕೇಳಲಿಲ್ಲ. ಹನ್ನೊಂದು ಮಂದಿ ತಂಡವಾದದ್ದು ಅಲ್ಲಿಯೇ.

1964ರಲ್ಲಿ ಟೋಕಿಯೋದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಬೆಳಗಾವಿಯ ಬಂಡು ಪಾಟೀಲರ ಕಾಲದಲ್ಲಿ ಈ ಆಟವು ನೆಲದ ಮೇಲಿನದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದೀಚೆಗೆ ಕೃತಕ ಹಾಸು ಬಂದಿತು. ನಮ್ಮ ಮಣ್ಣಿನಲ್ಲಿ ಪುಟಿಯುತ್ತ ಬರುವ ಚೆಂಡು ಆ ಒದ್ದೆ ಹಾಸಿನಲ್ಲಿ ನೆಲವನ್ನಪ್ಪಿ ಬಾಣದಂತೆ ಸಾಗುವುದು. ಕೋಲನ್ನು ತಗ್ಗಿಸುವಷ್ಟರಲ್ಲಿ ಅದು ದಾಟಿಹೋಗುತ್ತಿತ್ತು. ಮೊದಲ ಪಂದ್ಯದಲ್ಲಿಯೇ ಸೋತು ಮರಳಿದೆವು.

“ಇಷ್ಟು ದುಡ್ಡು ಸುರಿದು ಸೋಲುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇನು?” ಎಂದು ಆಟಗಾರನೊಬ್ಬನ ತಂದೆಯವರು ಕೇಳಿದರು. ನಾವು ವಾದಿಸಲಿಲ್ಲ. ಮರುದಿನ ಬೆಳಗಿನಲ್ಲಿ ಅವರನ್ನು ಮೈದಾನಕ್ಕೆ ಕರೆದೊಯ್ದೆವು. ತರುಣರು ಹರಳುಗಳನ್ನಾರಿಸಿ, ನೆಲವನ್ನು ಸಮಮಾಡಿ, ನೀರು ಚಿಮುಕಿಸಿ, ಸೊಂಟ ಬಗ್ಗಿಸಿ ಆಡುತ್ತಿದ್ದರು. ಹಿರಿಯರು ಬಹಳ ಹೊತ್ತು ನೋಡಿದರು, ಬಳಿಕ, “ಮುಂದಿನ ವರ್ಷ ಎಂದು ಹೊರಡುವಿರಿ?” ಎಂದರು.

ವಾಚಕರೇ, ಮಕ್ಕಳು ಪರಸ್ಥಳದಿಂದ ತರುವ ಗಳಿಕೆಯು ಬಹುಮಾನದ ಬಟ್ಟಲೊಂದೇ ಅಲ್ಲ.