ಬಣ್ಣದ ಕೆಳಗಿನ ಬಿರುಕು

ಪೆಟ್ರೋಲಿನ ವೆಚ್ಚ ತಾಳಲಾರದೆ 1992ರಲ್ಲಿ ನಮ್ಮ ತಂದೆಯವರ ಅಂಬಾಸಿಡರ್ ಕಾರಿಗೆ ಡೀಸೆಲ್ ಎಂಜಿನ್ ಕೂಡಿಸಿದೆವು. ಅದರ ಮೂಲ 1489 ಸಿ.ಸಿ. ಎಂಜಿನ್ನೂ ಗೇರ್‌ಬಾಕ್ಸೂ ದಾವಣಗೆರೆಯ ನಮ್ಮ ಹಿತ್ತಲ ಕೊಠಡಿಯಲ್ಲಿ ಗೋಣಿತಾಟು ಹೊದ್ದು ಮಲಗಿದ್ದವು. ಬಳಸದೆ, ಯಾರಿಗೂ ಕೊಡದೆ ಇಟ್ಟುಕೊಂಡಿದ್ದನ್ನು ನಾನು ಪಿತೃಭಕ್ತಿಯೆಂದು ಭಾವಿಸಿದ್ದೆ. ಅದು ಬರಿಯ ಪರಿಗ್ರಹವಾಗಿತ್ತು. ಕಳೆದ ವರ್ಷ, ತಮ್ಮ ಹಳೆಯ ಕಾರನ್ನು ಮೊದಲಿನಂತೆಯೇ ಸಿದ್ಧಗೊಳಿಸಬೇಕೆಂದಿದ್ದ ಹರಿಹರದ ಹಿರಿಯರೊಬ್ಬರು ಅವನ್ನು ಕೇಳಿಕೊಂಡು ಬಂದರು.

ಅವರು ಬರುವ ಮುನ್ನವೇ ಮೇಸ್ತ್ರಿ ಎಂಜಿನ್ನಿಗೆ ಬಣ್ಣ ಬಳಿದಿದ್ದ. ಹಿಂದೊಮ್ಮೆ ನೀರು ಬತ್ತಿ, ಕಾದು, ಬ್ಲಾಕ್ ಬಿರಿದಾಗ ಹಾಕಿಸಿದ್ದ ಬೆಸುಗೆಯ ಗುರುತು ಅದರಡಿ ಮರೆಯಾಗಿತ್ತು. "ಕೇಳಿದ್ರೆ ಹೇಳಿದ್ರಾಯ್ತು ಸಾವ್ಕಾರ್ರೆ" ಎಂದ. ಆ ಮಾತು ನನಗೂ ಹಿತವೆನಿಸಿತೆಂಬುದನ್ನು ಮುಚ್ಚಿಡಲಾರೆ. ಆದರೆ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವನ್ನೂ ಎಣಿಸಿದೆ. ಕೀಳು ವಸ್ತುವನ್ನು ಒಳ್ಳೆಯದೆಂದು ತೋರಿಸಿ ಮಾರುವುದು. ಅದು ಅಕ್ಕಿಗೆ ಕಲ್ಲು ಬೆರೆಸುವವರಿಗಷ್ಟೇ ಅನ್ವಯವೆಂದು ನಾನು ನೆಮ್ಮದಿಯಾಗಿದ್ದೆ!

ಅವರು ಹಣ ಎಣಿಸುತ್ತಿದ್ದಾಗ ಆ ಜಾಗವನ್ನು ತೋರಿಸಿದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್‌ಗಳನ್ನು ಜೋಡಿಸಿದ್ದ ಕೈ ಅವರದು. ಉಗುರಿನಿಂದ ಬಣ್ಣ ಕೆರೆದು ಬೆಸುಗೆಯನ್ನು ಬಹಳ ಹೊತ್ತು ಸವರಿದರು. ಹಣದಲ್ಲಿ ಮೂರನೆಯ ಒಂದು ಪಾಲನ್ನು ಜೇಬಿಗೆ ಮರಳಿಸಿ, "ಗೇರ್‌ಬಾಕ್ಸ್ ಬಿಚ್ಚಿ ತೋರಿಸುವುದು ಬೇಡ, ಬಿಡಿ" ಎಂದರು.